ಮಾವನ ತುಪಾಕಿಯಿಂದ ನಾನು ಹೊಡೆದ ಕಡವೆ

ಆ ಕಡವೆಯನ್ನು ಹೊಡೆದವನು ನಾನು. ನನ್ನ ಸೋದರಮಾವ ಅಲ್ಲ. ತಮಿಳು ಸೀಮೆಯ ಓಡೈಪಟ್ಟಿಯಲ್ಲಿ ಇವತ್ತಿಗೂ ಅವರ ಮಾತು ಬಂದರೆ, 'ಮಗಳ ಮೇಲಿಟ್ಟ ಆಣೆ ಮುರಿದವರು' ಅನ್ನುತ್ತಾರೆ. ಅವರು ಮುರಿದಿರಲಿಲ್ಲ. ಅವರನ್ನು ಬಿಟ್ಟರೆ ಇದು ಗೊತ್ತಿದ್ದವನು ನಾನೊಬ್ಬನೇ — ಇಪ್ಪತ್ತಾರು ವರ್ಷ ಬಾಯಿ ಬಿಡಲಿಲ್ಲ.

ಮಾವನ ಹತ್ತಿರ ಒಂದು ಹಳೇ ಲಿವರ್ ರೈಫಲ್ ಇತ್ತು. ಮೇಲಿನ ಬೆಟ್ಟದ ಚಹಾ ತೋಟ ಬಿಟ್ಟು ಹೋಗುವಾಗ ಒಬ್ಬ ಇಂಗ್ಲಿಷ್ ದೊರೆ ಮಾವನ ಅಪ್ಪನಿಗೆ ಕೊಟ್ಟುಹೋದದ್ದು. ಬೇಟೆ ಆಡಬಾರದೆಂದು ಕಾನೂನು ಬಂದ ಮೇಲೂ ಮಾವ ಕೆಲವು ವರ್ಷ ಕದ್ದು ಹಂದಿ, ಕಡವೆ ಹೊಡೆಯುತ್ತಿದ್ದರು. ಆಮೇಲೆ ಅವರ ಮಗಳು ರಂಗಮ್ಮನಿಗೆ ನಾಲ್ಕನೇ ವಯಸ್ಸಿನಲ್ಲಿ ವಿಷಜ್ವರ ಬಂತು. ಉಳಿಯುವುದು ಅನುಮಾನ ಅಂದಾಗ ಅವಳ ತಲೆ ಮುಟ್ಟಿ, 'ಇನ್ನು ಒಂದು ಜೀವಾನೂ ತೆಗೆಯಲ್ಲ' ಅಂದರು. ಮಗು ಎದ್ದು ಕೂತಿತು. ತುಪಾಕಿ ಪೆಟ್ಟಿಗೆ ಸೇರಿತು. ಬೆಳೆ ಕಾಯುವ ಲೈಸೆನ್ಸು ಮಾತ್ರ ಇತ್ತು. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ತಂದು, ಎಣ್ಣೆ ಹಾಕಿ ಒರೆಸಿ ಇಡುತ್ತಿದ್ದರು.

ನಾನು ಪಂಪ್‌ಸೆಟ್ ರಿಪೇರಿ ಮಾಡುವವನು. ಯಾವ ಯಂತ್ರ ಕಂಡರೂ ಒಳಗೆ ಏನು ನಡೆಯುತ್ತದೆ ಅಂತ ನೋಡದೆ ಇದ್ದರೆ ನನಗೆ ಊಟ ಸೇರದು. ಒಂದು ಸಲ ಎಣ್ಣೆ ಹಾಕುವಾಗ ಮಾವ ಖಾಲಿ ತುಪಾಕಿಯನ್ನು ನನ್ನ ಕೈಗೆ ಕೊಟ್ಟರು. ಕುದುರೆಯ, ಅಂದರೆ ಟ್ರಿಗರಿನ, ಕೆಳಗೆ ಬೆರಳು ತೂರುವ ಒಂದು ಕಬ್ಬಿಣದ ಬಳೆ. ಅದನ್ನು ಕೆಳಕ್ಕೆ ತಳ್ಳಿದರೆ ಬಾಯಿ ತೆರೆದುಕೊಂಡು ಸುಟ್ಟ ಕಾಡತೂಸಿನ ಚಿಪ್ಪು ಹೊರಗೆ ಹಾರುತ್ತದೆ. ಮೇಲಕ್ಕೆಳೆದರೆ ನಳಿಕೆಯ ಅಡಿಯಿಂದ ಹೊಸದು ಬಂದು ಕೂರುತ್ತದೆ. ಎಷ್ಟು ಸರಳ! ನಾನು ಹತ್ತು ಸಲ ಆಡಿಸಿದೆ.

"ಬೆರಳು ಜಾಗ್ರತೆ ಮಾಪಿಳ್ಳೆ, ಕಚ್ಚುತ್ತೆ" ಅಂದರು. ಮಾಪಿಳ್ಳೆ ಅಂದರೆ ಅಳಿಯ; ರಂಗಮ್ಮನನ್ನು ನನಗೇ ಕೊಡುವುದೆಂದು ಆಗಲೇ ಮಾತಾಗಿತ್ತು.

ಖಾಲಿ ಆಡಿಸಿದ್ದು ನನಗೆ ಸಾಕಾಗಲಿಲ್ಲ. ತುಂಬಿದಾಗ ಹೇಗಿರುತ್ತದೆ?

ಮದುವೆ ಸೀರೆ ತರಲು ಮಾವನ ಮನೆಯವರೆಲ್ಲ ದಿಂಡಿಗಲ್ಲಿಗೆ ಹೋದ ಬೆಳಗ್ಗೆ ಅವರ ದ್ರಾಕ್ಷಿ ತೋಟಕ್ಕೆ ನಾನು ಕಾವಲಿದ್ದೆ. ಪೆಟ್ಟಿಗೆಯ ಬೀಗದ ಕೈ ಎಲ್ಲಿರುತ್ತದೆ ಅಂತ ಗೊತ್ತಿತ್ತು. ತುಪಾಕಿಗೆ ಕಾಡತೂಸು ತುಂಬಿ, ದ್ರಾಕ್ಷಿ ಚಪ್ಪರದ ಹಿಂದೆ, ಬೆಟ್ಟದ ಬುಡದ ಓಡೆ ಹಳ್ಳಕ್ಕೆ ತೆಗೆದುಕೊಂಡು ಹೋದೆ. ಒಂದು ಬಂಡೆಗೆ ಹೊಡೆದು ಬಂದುಬಿಡುವುದು — ಅಷ್ಟೇ ಅಂದುಕೊಂಡಿದ್ದೆ. ಆಗ ತೋಟದ ತೊಟ್ಟಿಯ ನೀರು ಹರಿದು ಬರುವ ಕಡೆ ಒಂದು ಹೆಣ್ಣು ಕಡವೆ ಬಂದು ಬಾಯಿ ಇಟ್ಟಿತು. ನನಗೆ ಹಸಿವಿರಲಿಲ್ಲ, ಭಯವಿರಲಿಲ್ಲ, ಅದರ ಮೇಲೆ ಸಿಟ್ಟೂ ಇರಲಿಲ್ಲ. ಬೀಳುತ್ತದಾ ಅಂತ ತಿಳಿಯಬೇಕಿತ್ತು. ಇದಕ್ಕಿಂತ ಒಳ್ಳೆಯ ಕಾರಣ ಹುಡುಕಿ ಸೋತಿದ್ದೇನೆ.

ಬೀಳಲಿಲ್ಲ. ಹೊಟ್ಟೆಯ ಕಡೆ ತಗುಲಿ, ಹಿಂಗಾಲು ಎಳೆಯುತ್ತಾ ಹೋಗಿ ಕಳ್ಳಿಮೆಳೆಯ ಪಕ್ಕ ಕೂತಿತು. ಇನ್ನೊಂದು ಗುಂಡು ಹೊಡೆದು ಮುಗಿಸಬೇಕು ಅಂತ ಲಿವರ್ ಎಳೆದೆ. ಆತುರದಲ್ಲಿ ನಡುಬೆರಳಿನ ಚರ್ಮ ಸಿಕ್ಕಿ ಕಿತ್ತುಬಂತು. ಕಡವೆ ನನ್ನ ಕಡೆ ತಿರುಗಿ ನೋಡುತ್ತಲೇ ಇತ್ತು. ನನ್ನಿಂದ ಆಗಲಿಲ್ಲ... ಹಾಗೇ ಬಿಟ್ಟು ಬಂದೆ. ಹಾರಿದ ಚಿಪ್ಪು ಹುಲ್ಲಿನಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ.

ಮೂರನೇ ದಿನ ಸತ್ತ ಕಡವೆಯೂ ಆ ಚಿಪ್ಪೂ ಅರಣ್ಯ ಇಲಾಖೆಯವರಿಗೆ ಸಿಕ್ಕವು. ಕಾಗೆ, ನಾಯಿ ಮುತ್ತಿದ್ದ ಕಡೆ ಹೋಗಿ ನೋಡಿ, ನೆಟ್ಟಗೆ ಮಾವನ ಅಂಗಳಕ್ಕೆ ಬಂದರು. ಅಂಥ ತುಪಾಕಿ ಇದ್ದದ್ದು ಆ ಸುತ್ತಿನಲ್ಲಿ ಅವರೊಬ್ಬರಿಗೇ. ಮಾವ ಚಿಪ್ಪನ್ನು ಕೈಯಲ್ಲಿ ಹೊರಳಿಸಿ ನೋಡಿದರು. ಆಮೇಲೆ ಕಂಬದ ಪಕ್ಕ ನಿಂತಿದ್ದ ನನ್ನ ಕಡೆ, ಬಟ್ಟೆ ಸುತ್ತಿದ್ದ ನನ್ನ ಬೆರಳಿನ ಕಡೆ ನೋಡಿದರು. ಅಧಿಕಾರಿಯ ಕಡೆ ತಿರುಗಿ ತಮಿಳಿನಲ್ಲಿ, "ನಾನ್ ದಾನ್ ಸುಟ್ಟೇನ್" ಅಂದರು. ನಾನೇ ಹೊಡೆದದ್ದು, ಅಂತ.

ನಾನು ಬಾಯಿ ತೆರೆಯಲಿಲ್ಲ.

ತುಪಾಕಿ ಹೋಯಿತು, ಲೈಸೆನ್ಸು ಹೋಯಿತು. ಹದಿನೆಂಟು ದಿನ ಒಳಗಿದ್ದು ಬಂದು, ನಮ್ಮ ಮದುವೆಯಲ್ಲಿ ಚಪ್ಪರದ ಅಂಚಿನಲ್ಲಿ ನಿಂತಿದ್ದರು. ಅಷ್ಟಕ್ಕೇ ಮುಗಿದಿದ್ದರೆ — ಆದರೆ ಮರುವರ್ಷ ರಂಗಮ್ಮನಿಗೆ ಐದನೇ ತಿಂಗಳಲ್ಲಿ ಗರ್ಭ ಇಳಿದುಹೋಯಿತು. ನೋಡಲು ಬಂದ ಅಪ್ಪನನ್ನು ಅವಳು ಹೊಸಿಲಲ್ಲೇ ತಡೆದಳು.

"ನನ್ನ ತಲೆ ಮೇಲೆ ಆಣೆ ಇಟ್ಟೆಯಲ್ಲಪ್ಪಾ. ನೀ ಮುರಿದೆ, ನನ್ನ ಮಗು ಹೋಯ್ತು."

ಆಣೆಗೂ ಗರ್ಭಕ್ಕೂ ಸಂಬಂಧ ಇದೆಯೋ ಇಲ್ಲವೋ, ನಾನು ಅರಿಯೆ. ಅವಳು ನಂಬಿದ್ದಳು. ಮಾವ ನನ್ನ ಕಡೆ ಒಂದು ಸಲವೂ ನೋಡದೆ ಮೇಲುವಸ್ತ್ರ ಹೆಗಲಿಗೆ ಹಾಕಿಕೊಂಡು ಇಳಿದು ಹೋದರು. ಅವರಿಗೆ ಕೊಡಲೆಂದು ತಂದ ನೀರಿನ ಚೊಂಬು ಹಿಡಿದುಕೊಂಡು ನಾನು ಅಲ್ಲೇ ಇದ್ದೆ. ಅವಳು ಮತ್ತೆ ತವರಿಗೆ ಹೋಗಲಿಲ್ಲ. ಹನ್ನೊಂದು ವರ್ಷದ ಮೇಲೆ ಅವರು ತೀರಿಕೊಂಡಾಗ ಹೋಗಿ, ಬೀದಿಯಲ್ಲೇ ನಿಂತು ಬಂದಳು.

ತಾನೇ ಹೊಡೆದೆನೆಂದು ಮಾವ ಯಾಕೆ ಅಂದರು? ಮಗಳ ಮದುವೆ ನಿಲ್ಲಬಾರದೆಂದೇ? ತುಪಾಕಿ ಕೈಗೆ ಕೊಟ್ಟು ಆಸೆ ಹಚ್ಚಿದ್ದು ತಾನೇ ಅಂತಲೇ? ಇಲ್ಲ, ನಾನೇ ಮುಂದೆ ಬಂದು ಹೇಳುತ್ತೇನೆಂದು ಕಾದರೇ? ಎಷ್ಟೋ ಸಂಜೆ ನಾನೊಬ್ಬನೇ ಹೋಗಿ ಅವರ ಜೊತೆ ಜಗಲಿಯಲ್ಲಿ ಕೂತಿದ್ದೆ, ಮಳೆ ಬೆಳೆ ಎಲ್ಲ ಮಾತಾಡಿದೆವು. ಇದೊಂದನ್ನು ಕೇಳಲಿಲ್ಲ. ಕೇಳಿದ್ದರೆ ಒಪ್ಪಿಕೊಂಡ ಹಾಗಾಗುತ್ತಿತ್ತಲ್ಲ.

ಇದನ್ನೆಲ್ಲ ಹೋದ ತಿಂಗಳು ಬರೆಯತೊಡಗಿದ್ದು ಕನ್ನಡ ಅಕ್ಷರದಲ್ಲಿ. ದ್ರಾಕ್ಷಿ ಲಾರಿಯ ಜೊತೆ ಮೈಸೂರಿಗೆ ಓಡಾಡುವಾಗ ಕಲಿತದ್ದು. ನಮ್ಮ ಮನೆಯಲ್ಲಿ ಆಡುವುದು ಕನ್ನಡವಾದರೂ ಓದುವುದು ತಮಿಳು. ಈ ಅಕ್ಷರ ಯಾರಿಗೂ ಬಾರದು. ಬೇಕೆಂದೇ ಹೀಗೆ ಬರೆದೆ — ಒಪ್ಪಿಕೊಳ್ಳುವಾಗಲೂ ಬಚ್ಚಿಟ್ಟುಕೊಳ್ಳುವ ಬುದ್ಧಿ.

ಒಂದು ಮಧ್ಯಾಹ್ನ ರಂಗಮ್ಮ ಎದುರಿಗೆ ಬಂದು ಕೂತಳು. "ದಿನಾ ಏನು ಬರೀತೀರಿ? ಓದಿ, ಕೇಳ್ತೀನಿ."

ಓದಿದೆ. ಒಂದು ಅಕ್ಷರವನ್ನೂ ಬಿಡಲಿಲ್ಲ. ಮುಗಿದ ಮೇಲೆ ಅವಳು ಅಳಲಿಲ್ಲ, ಬೈಯಲಿಲ್ಲ.

"ನಾನು ಹಾಗಂದಾಗ ಅಪ್ಪನಿಗೆ ಗೊತ್ತಿತ್ತಾ, ನೀವೇ ಅಂತ?"

"ಗೊತ್ತಿತ್ತು."

ಅವಳು ಎದ್ದು ನಿಂತಳು. "ಅಪ್ಪನಿಗೆ ಕೆಟ್ಟ ಹೆಸರು ಬಂದದ್ದು ಊರಲ್ಲಿ. ನನಗೊಬ್ಬಳಿಗೆ ಹೇಳಿದರೆ ಆಯ್ತಾ?" ಅಂದಳು. ಮರುದಿನ ಬೆಳಗ್ಗೆ ಬಸ್ಸು ಹತ್ತಿ ತವರಿಗೆ ಹೋದಳು. ಇನ್ನೂ ಬಂದಿಲ್ಲ. ನಾನು ಫೋನು ಮಾಡಿಲ್ಲ. ಬಾ ಅನ್ನುವ ಹಕ್ಕು ನನಗಿಲ್ಲ.

ಶುಕ್ರವಾರ ಕುಲದೇವರ ಮುಂದೆ ನಮ್ಮವರೆಲ್ಲ ಸೇರುತ್ತಾರೆ. ಅಲ್ಲಿ ಎದ್ದು ನಿಂತು ಹೇಳುತ್ತೇನೆ, ಎಲ್ಲರಿಗೂ ತಿಳಿಯುವ ಮಾತಿನಲ್ಲಿ. ಮೊದಲು ಮಾವನ ಹೆಸರು ಹೇಳುತ್ತೇನೆ, ಆಮೇಲೆ ನನ್ನದು.