ಬಾಟಲಿ ತೊಳೆಯುವ ಅಕ್ಕನ ಬಾಳೆ

ಟಿಶ್ಯೂ ಕಲ್ಚರ್ ಲ್ಯಾಬಿನಲ್ಲಿ ಕೆಲಸ ಎಂದರೆ ಜನ ಬಿಳಿ ಕೋಟು, ಸೂಕ್ಷ್ಮದರ್ಶಕ ಎಂದೇನೇನೋ ಊಹಿಸಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಅದು ಕತ್ತುನೋವು. ಕುಶಾಲನಗರದ ಹೊರಗೆ ಇರುವ ಸಣ್ಣ ಲ್ಯಾಬು ನಮ್ಮದು. ಹದಿನೇಳು ವರ್ಷದಿಂದ ಅಲ್ಲಿ ಶುದ್ಧ ಗಾಳಿ ಬೀಸುವ ಪೆಟ್ಟಿಗೆಯ ಮುಂದೆ ಕೂತು, ಬಾಳೆಯ ಚಿಗುರನ್ನು ಚಿಮಟದಲ್ಲಿ ಹಿಡಿದು, ಬ್ಲೇಡಿನಿಂದ ಸೀಳಿ, ಒಂದು ಬಾಟಲಿಯಿಂದ ಇನ್ನೊಂದಕ್ಕೆ ಇಡುತ್ತಿದ್ದೇನೆ. ಒಂದು ಮೂರಾಗುತ್ತದೆ, ತಿಂಗಳು ಕಳೆದರೆ ಮೂರು ಒಂಬತ್ತಾಗುತ್ತದೆ. ಕೈಗೆ ಬಳೆ ಇಲ್ಲ, ಮುಡಿಗೆ ಹೂವಿಲ್ಲ. ಸ್ಪಿರಿಟ್ಟು ಹಚ್ಚಿ ಹಚ್ಚಿ ಬೆರಳ ತುದಿಗಳು ಬಿರಿದು, ಮನೆಗೆ ಬಂದು ಹುಣಸೆಹಣ್ಣು ಹಿಸುಕಿದರೆ ಉರಿಯುತ್ತವೆ.

ನಾನು ಒಳಗೆ ಕೂತ ದಿನದಿಂದ ಹೊರಗಿನ ತೊಟ್ಟಿಯ ಹತ್ತಿರ ನಿಂತು ಬಾಟಲಿ ತೊಳೆಯುತ್ತಿದ್ದವರು ಒಬ್ಬ ಅಕ್ಕ. ಚೆಟ್ಟಳ್ಳಿ ಕಡೆಯ ಕಾಫಿ ಎಸ್ಟೇಟೊಂದರ ಕೂಲಿ ಲೈನಿನಲ್ಲಿ ಹುಟ್ಟಿ, ಕಾಫಿ ಪಿಕಿಂಗ್ ಮಾಡಿ, ಮದುವೆಯಾದ ಮೇಲೆ ಇತ್ತ ಬಂದವರು. ಮನೆಮಾತು ಮಲಯಾಳ. ನನ್ನನ್ನು ‘ಮೋಳೇ’ ಎಂದೇ ಕರೆಯುತ್ತಿದ್ದರು, ಮಗಳೇ ಎಂದು. ಒಂದು ಮಳೆಗಾಲದಲ್ಲಿ, ನಾನು ಊಟದ ಡಬ್ಬಿ ತೊಳೆಯುತ್ತಿದ್ದಾಗ ಅವರು ಹತ್ತಿರ ಬಂದರು.

“ಮೋಳೇ, ಊರವರಿಗೆಲ್ಲ ಬಾಳೆ ಮಾಡಿ ಕೊಡ್ತೀರಿ. ನಂಗೊಂದು ಮಾಡಿಕೊಡ್ಲಿಕ್ಕೆ ಆಗ್ತದಾ?”

“ಅದಕ್ಯಾಕೆ ಮಾಡೋದು ಅಕ್ಕ? ಶೆಡ್ಡಲ್ಲಿ ಉಳ್ದಿರೋವು ಬೇಕಾದಷ್ಟವೆ, ತಗಂಡೋಗಿ.”

“ಅದಲ್ಲ. ನಮ್ಮ ಮನೇದು. ಎಲೆಯೆಲ್ಲ ಚಿಕ್ಕದಾಗಿ ತುದೀಲಿ ಗುಂಪು ಕಟ್ಟಿ ನಿಂತಿದೆ.”

ನನಗೆ ತಕ್ಷಣ ಅರ್ಥವಾಯಿತು. ಆ ರೋಗ ಬಂದ ಬಾಳೆಗೆ ಔಷಧಿಯಿಲ್ಲ, ಕಿತ್ತು ಹಾಕಬೇಕು. ಅದರ ಕಂದು ನೆಟ್ಟರೆ ಕಂದಿನೊಳಗೇ ರೋಗ ಬರುತ್ತದೆ. ಅಕ್ಕನ ತಾಯಿ ಕೇರಳದಿಂದ ಮಾಕುಟ್ಟದ ದಾರಿಯಲ್ಲಿ ಕೊಡಗಿಗೆ ಬಂದಾಗ ಗೋಣಿಚೀಲದಲ್ಲಿ ಕಟ್ಟಿ ತಂದ ಬಾಳೆಯಂತೆ ಅದು. ಲೈನಿನ ಹಿಂದೆ ಬೆಳೆದು, ಅಲ್ಲಿಂದ ಅಕ್ಕನ ಹಿತ್ತಿಲಿಗೆ ಬಂದಿತ್ತು. ಅದರ ಕಾಯಿ ಒಣಗಿಸಿ ಹಿಟ್ಟು ಮಾಡಿ ಕಾಯಿಸಿದ ಗಂಜಿಯನ್ನೇ ಅವರ ಇಬ್ಬರು ಮಕ್ಕಳೂ ಮೊದಲು ತಿಂದದ್ದು. ಅಂಥ ಕಾಯಿ ಈಗ ಎಲ್ಲೂ ಸಿಗುತ್ತಿಲ್ಲ ಎಂದರು.

ರೋಗದ ಕಂದನ್ನು ಲ್ಯಾಬಿನೊಳಗೆ ತರಬಾರದು. ಹೊಸಬರಿಗೆ ಈ ನಿಯಮ ಹೇಳಿಕೊಡುವವಳು ನಾನೇ. ಆದರೂ, “ಒಂದು ಕಂದು ತನ್ನಿ, ನೋಡಾಣ” ಅಂದುಬಿಟ್ಟೆ. ಬೇಡ ಎಂದು ವಾದಿಸುವುದಕ್ಕೂ ಅವತ್ತು ನನ್ನಲ್ಲಿ ಶಕ್ತಿ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಕಂದಿನ ಹೊರಪದರಗಳನ್ನು ಒಂದೊಂದಾಗಿ ಸುಲಿದರೆ ಕೊನೆಗೆ ಹೆಬ್ಬೆರಳಿನಷ್ಟು ಬಿಳಿ ತಿರುಳು ಉಳಿಯುತ್ತದೆ. ಅದನ್ನು ಸೋಪಿನ ನೀರಿನಲ್ಲಿ, ಬ್ಲೀಚಿನಲ್ಲಿ, ಮತ್ತೆ ಕುದಿಸಿ ಆರಿಸಿದ ನೀರಿನಲ್ಲಿ ಮೂರು ಸಲ ತೊಳೆಯಬೇಕು. ಮಾಮೂಲಿ ಗಿಡವಾದರೆ ಕಡಲೆಕಾಯಿ ಗಾತ್ರದ ತುಂಡು ಸಾಕು. ರೋಗದ್ದಕ್ಕೆ ಅಷ್ಟು ದೊಡ್ಡ ತುಂಡು ಆಗದು. ಗಿಡದ ತುತ್ತತುದಿ ಎಷ್ಟು ಬೇಗ ಬೆಳೆಯುತ್ತದೆಂದರೆ ಕೆಲವೊಮ್ಮೆ ರೋಗ ಅಲ್ಲಿಯವರೆಗೆ ತಲುಪಿರುವುದಿಲ್ಲ. ಎಳ್ಳಿನಷ್ಟು ಆ ತುದಿಯನ್ನು ಮಾತ್ರ ಕತ್ತರಿಸಿ ತೆಗೆಯಬೇಕು. ಬದುಕುವುದು ಅಪರೂಪ.

ಅಕ್ಕ ಒಂದರ ಬದಲು ಎಂಟು ಕಂದು ತಂದಿದ್ದರು. ದಿನದ ಕೆಲಸ ಮುಗಿದ ಮೇಲೆ ಎಂಟು ತುದಿಗಳನ್ನು ಎಂಟು ಬಾಟಲಿಗಳಿಗೆ ಇಟ್ಟೆ. ತಳದಲ್ಲಿ ಗಟ್ಟಿ ಗಂಜಿಯಂತೆ ನಿಂತ ಆಹಾರ. ಅದರಲ್ಲಿ ಸಕ್ಕರೆ, ಲವಣ, ಚಿಗುರೊಡೆಸುವ ಹಾರ್ಮೋನು. ಮಣ್ಣೂ ಬೇಡ, ಬಿಸಿಲೂ ಬೇಡ. ಅಕ್ಕನಿಗೂ ಹೇಳಿ ಗುರುತಿಗೆ ಮುಚ್ಚಳಕ್ಕೆ ನೀಲಿ ಚುಕ್ಕೆ ಇಟ್ಟು ಟ್ಯೂಬ್‌ಲೈಟಿನ ಕೋಣೆಯ ಕಟ್ಟಕಡೆಯ ಹಲಗೆಯ ಮೇಲೆ, ಬೇರೆಯವಕ್ಕೆ ತಾಗದಂತೆ ಬಚ್ಚಿಟ್ಟೆ.

ಆ ವಾರ ಬಿಡದೆ ಮಳೆ. ಕರೆಂಟು ಹೋಗಿ ಬಂದು ಜನರೇಟರೂ ಕೆಟ್ಟಿತು. ಕೋಣೆಯ ತೇವಕ್ಕೆ ಸಾಲು ಸಾಲು ಬಾಟಲಿಗಳಲ್ಲಿ ಹತ್ತಿಯಂಥ ಬೂಷ್ಟು ಎದ್ದಿತು. ಹಾಳಾದ ಬಾಟಲಿಗಳನ್ನು ಮುಚ್ಚಳ ತೆರೆಯದೆ ಹಬೆಯಲ್ಲಿ ಬೇಯಿಸಿ, ಆಮೇಲೆ ತೊಟ್ಟಿಗೆ ಕಳಿಸುತ್ತೇವೆ. ಅಕ್ಕನ ಬಾಟಲಿಗಳಲ್ಲೂ ಐದಕ್ಕೆ ಬೂಷ್ಟು ಹಿಡಿದಿತ್ತು, ಎರಡರಲ್ಲಿ ಚಿಗುರು ಕಪ್ಪಾಗಿತ್ತು. ಅಕ್ಕನಿಗೆ ಹೇಳಲಿಲ್ಲ. ಹಾಳಾದ ಬೇರೆ ಬಾಟಲಿಗಳ ಜೊತೆ ಸೇರಿಸಿ ಕಳಿಸಿಬಿಟ್ಟೆ.

ಸಂಜೆ ಹೊರಟಾಗ ಅಕ್ಕ ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು.

“ನೀಲಿ ಚುಕ್ಕೆದು ಏಳು ತೊಳೆದೆ, ಮೋಳೇ. ಇನ್ನೊಂದು ಇದೆಯಲ್ಲಾ?”

“ಇನ್ನೊಂದು ಅದೆ ಅಕ್ಕ,” ಎಂದೆ. ಅವರ ಮುಖ ನೋಡದೆ ಬಸ್ಸಿಗೆ ಓಡಿದೆ.

ಆ ಒಂದು ಸಾಯಲಿಲ್ಲ. ಒಂದೂವರೆ ತಿಂಗಳಿಗೆ ಎಳ್ಳಿನಷ್ಟಿದ್ದ ಬಿಳಿ ತುದಿ ಹಸಿರಾಯಿತು, ಆಮೇಲೆ ಉಬ್ಬಿ ಪಕ್ಕದಲ್ಲಿ ಪುಟ್ಟ ಎಲೆಯ ಮೊಳಕೆಗಳು ಬಂದವು. ಒಂದು ಮಧ್ಯಾಹ್ನ ಬಾಟಲಿಯನ್ನು ಹೊರಗೆ ತಂದು ಅಕ್ಕನ ಕೈಗೆ ಕೊಟ್ಟೆ. ಅಷ್ಟು ವರ್ಷ ಖಾಲಿ ಬಾಟಲಿ, ಕೊಳೆತ ಬಾಟಲಿಗಳನ್ನೇ ಮುಟ್ಟಿದವರು. ಬೆಳಕಿಗೆ ಎತ್ತಿ ಹಿಡಿದರು.

“ಇಷ್ಟು ಚಿಕ್ಕದಾ?” ಎಂದರು. ಬಾಟಲಿಯನ್ನು ತಿರುಗಿಸಿ ನೋಡಿ, “ಎಲೆ ಮಾತ್ರ ನಮ್ಮದೇ.”

ಅದನ್ನು ಸೀಳಿ ಸೀಳಿ ಒಂಬತ್ತು ಮಾಡಿ, ಬೇರು ಬರಿಸಿದ ಮೇಲೆ ರೋಗ ಇದೆಯೋ ಇಲ್ಲವೋ ತಿಳಿಯಬೇಕಿತ್ತು. ನಮ್ಮ ತಾಯಿಗಿಡಗಳ ಎಲೆಗಳನ್ನು ಪರೀಕ್ಷೆಗೆ ಕಳಿಸುವಾಗ ಇದರದ್ದೂ ಒಂದು ತುಂಡನ್ನು ಸೇರಿಸಿದೆ. ವರದಿ ಬಂದ ದಿನ ಸಾರ್ ನನ್ನನ್ನು ಕರೆದರು. ಲ್ಯಾಬು ಅವರದು.

“ಇದೊಂದು ಜಾಸ್ತಿ ಇದೆಯಲ್ಲ, ಯಾರ ಗಿಡ?”

ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನೀವೇ ಹೀಗೆ ಮಾಡಿದ್ರೆ ಹೇಗಮ್ಮಾ? ನಮ್ಮ ಗಿಡಕ್ಕೆ ತಗುಲಿದ್ರೆ ಎಷ್ಟು ಜನರ ತೋಟಕ್ಕೆ ಹೋಗ್ತಿತ್ತು?”

“ತಪ್ಪಾಯ್ತು ಸಾರ್.”

ಅದು ಬಾಯಿಮಾತಲ್ಲ. ಅವರು ಹೇಳಿದ್ದು ಸರಿ, ನನಗೆ ಮೊದಲೇ ಗೊತ್ತಿತ್ತು. ಸಾರ್ ಕನ್ನಡಕ ಹಾಕಿಕೊಂಡು ವರದಿ ನೋಡಿ, “ರೋಗ ಇಲ್ಲ ಅಂತ ಬಂದಿದೆ. ಆಯಮ್ಮನಿಗೆ ಕೊಟ್ಟುಬಿಡಿ,” ಎಂದರು. ಮೂರು ತಿಂಗಳು ನನ್ನನ್ನು ಒಳಗೆ ಬಿಡಲಿಲ್ಲ. ಆಹಾರ ಕಾಯಿಸಿ ಬಾಟಲಿಗೆ ಸುರಿಯುವ ಕೆಲಸಕ್ಕೆ ಹಾಕಿದರು. ಅದನ್ನು ಶಿಕ್ಷೆ ಎಂದು ಎಲ್ಲರೂ ಮರುಗಿದರು. ನಿಜ ಹೇಳಬೇಕೆಂದರೆ ನನ್ನ ಕತ್ತಿಗೆ ಸ್ವಲ್ಪ ಆರಾಮ ಸಿಕ್ಕಿತು.

ಬಾಟಲಿಯಿಂದ ಹೊರಬಂದ ಗಿಡಕ್ಕೆ ಒಣ ಗಾಳಿ ಗೊತ್ತಿರುವುದಿಲ್ಲ. ನೆರಳಿನಲ್ಲಿ, ತುಂತುರು ನೀರಿನಲ್ಲಿ ಮೆಲ್ಲಗೆ ಅಭ್ಯಾಸ ಮಾಡಿಸಬೇಕು. ಒಂಬತ್ತರಲ್ಲಿ ನಾಲ್ಕು ಉಳಿದವು. ಅಕ್ಕ ಹಳೆಯ ಬುಡವನ್ನೆಲ್ಲ ಕಿತ್ತು, ಹಿತ್ತಿಲನ್ನು ಬರಿದು ಬಿಟ್ಟಿದ್ದರು. ನಾಲ್ಕನ್ನೂ ನೆಟ್ಟರು. ಅದೇ ವರ್ಷ ಮಂಡಿನೋವಿನಿಂದ ಕೆಲಸ ಬಿಟ್ಟರು.

ಮುಂದಿನ ವರ್ಷ ಒಂದು ಭಾನುವಾರ ಅವರ ಮನೆಗೆ ಹೋದೆ. ಒಂದು ಗಿಡಕ್ಕೆ ಮತ್ತೆ ಅದೇ ರೋಗ ಬಂದು ಕಿತ್ತು ಸುಟ್ಟಿದ್ದರು. ಪಕ್ಕದ ತೋಟದಲ್ಲಿ ರೋಗವಿದೆ. ಅದನ್ನು ಹೊತ್ತು ತರುವ ಕಪ್ಪು ಸಸ್ಯಹೇನಿಗೆ ಬೇಲಿ ಲೆಕ್ಕಕ್ಕಿಲ್ಲ. ಉಳಿದ ಮೂರೂ ಎಷ್ಟು ದಿನವೋ ಗೊತ್ತಿಲ್ಲ. ಒಂದರಲ್ಲಿ ಗೊನೆ ಬಿಟ್ಟು ಹಣ್ಣಾಗಿತ್ತು. ಅಕ್ಕ ಒಂದು ಚಿಪ್ಪು ಹಣ್ಣು ತಂದು ನನ್ನ ಮುಂದಿಟ್ಟರು.

“ಹಳೇದರ ರುಚಿನೇ ಅದಾ ಅಕ್ಕ?” ಎಂದು ಕೇಳಿದೆ.

“ಅದು ಮರೆತೇಹೋಗಿದೆ, ಮೋಳೇ,” ಎಂದರು. “ಚೆನ್ನಾಗಿದೆ, ತಿನ್ನಿ.”

ಎರಡು ಹಣ್ಣು ತಿಂದೆ. ಮೂರನೆಯದನ್ನು ಅವರೇ ಸುಲಿದು ಕೈಗೆ ಕೊಟ್ಟರು.