ಗೃಹವಿಜ್ಞಾನ ವಿಭಾಗದಲ್ಲಿ ನನ್ನ ಹೆಸರು

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಬೆಳಗಾವಿಯ ಒಂದು ಸರಕಾರಿ ಹೈಸ್ಕೂಲಿನಲ್ಲಿ ಓದಿದೆ. ಎರಡೂವರೆ ವರ್ಷ ಬೀಜಗಣಿತದ ತರಗತಿಯಲ್ಲಿ ಕುಳಿತೆ. ನನ್ನ ಹಾಜರಿ ಮಾತ್ರ ಗೃಹವಿಜ್ಞಾನದಲ್ಲಿ ಬೀಳುತ್ತಿತ್ತು. ಇದನ್ನು ಅನೇಕರಿಗೆ ಹೇಳಿ ನಗಿಸಿದ್ದೇನೆ. ಹಾಗೆ ಹೇಳಿದ್ದರಲ್ಲಿ ಒಂದು ಭಾಗ ನಿಜವಲ್ಲವೆಂದು ಈಚೆಗೆ ಗೊತ್ತಾದ್ದರಿಂದ ಮತ್ತೊಮ್ಮೆ, ಈ ಸಲ ಬರೆದು, ನೋಡುತ್ತಿದ್ದೇನೆ.

ನಮ್ಮ ಮನೆ ಖಾನಾಪುರದಲ್ಲಿತ್ತು. ಅಪ್ಪ ಅಲ್ಲಿ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಏಳನೆಯ ತರಗತಿ ಮುಗಿದ ಮೇಲೆ ನನ್ನನ್ನು ಬೆಳಗಾವಿಯ ಚಿಗವ್ವನ ಮನೆಯಲ್ಲಿ ಬಿಟ್ಟರು. ಊರಿನ ಶಾಲೆಯಲ್ಲಿ ಎಲ್ಲರೂ ಓದುತ್ತಿದ್ದುದು ಒಂದೇ ಪಾಠ. ಇಲ್ಲಿ ಬಂದರೆ ಒಂದು ಕಾಂಪೌಂಡಿನೊಳಗೆ ಏಳೆಂಟು ಶಾಲೆಗಳಿದ್ದಂತೆ ಕಂಡಿತು. ಎದುರಿನ ಉದ್ದ ಕಟ್ಟಡ ಕನ್ನಡ ಮಾಧ್ಯಮದ್ದು, ಬಲಗಡೆ ಮರಾಠಿ, ಬಾವಿಯ ಆಚೆ ಉರ್ದು. ಸೂಚನಾಫಲಕದ ಮೇಲೆ ಒಂದೇ ಸುದ್ದಿಯನ್ನು ಮೂರು ಮಾಸ್ತರರು ಮೂರು ಲಿಪಿಯಲ್ಲಿ ಬರೆಯುತ್ತಿದ್ದರು. ಹಿಂದಿನ ತಗಡಿನ ಶೆಡ್ಡು ಟೆಕ್ನಿಕಲ್ ವಿಭಾಗ. ಅಲ್ಲಿ ಕಲಿತ ಹುಡುಗರು ನೇರವಾಗಿ ಊರಿನ ಫೌಂಡ್ರಿಗಳಿಗೆ ಹೋಗುತ್ತಿದ್ದರು. ಕೃಷಿ ವಿಭಾಗವೆಂದರೆ ನಾಲ್ಕು ಮಡಿ ಮತ್ತು ಒಂದು ಗುದ್ದಲಿ ಕೋಣೆ. ಅದರ ಬದನೆಕಾಯಿ ಹೆಡ್‌ಮಾಸ್ತರರ ಮನೆಗೆ ಹೋಗುತ್ತವೆಂದು ಹುಡುಗರು ಆಡಿಕೊಳ್ಳುತ್ತಿದ್ದರು. ಚಿತ್ರಕಲೆಗೆ ಕೋಣೆಯಿತ್ತು, ಮಾಸ್ತರರಿರಲಿಲ್ಲ.

ಗೃಹವಿಜ್ಞಾನ ಮೂಲೆಯ ಕೋಣೆಯಲ್ಲಿತ್ತು. ಎರಡು ಹೊಲಿಗೆ ಯಂತ್ರ, ಒಂದು ಸೀಮೆಎಣ್ಣೆ ಸ್ಟೋವು, ಕೂಸಿಗೆ ಸ್ನಾನ ಮಾಡಿಸುವ ಪಾಠಕ್ಕೆ ಒಂದು ಕೈಯಿಲ್ಲದ ರಬ್ಬರ್ ಗೊಂಬೆ. ಆ ವಿಭಾಗಕ್ಕೆ ಒಬ್ಬರೇ ಶಿಕ್ಷಕಿ. ಅವರನ್ನು ನಾವು ಬಾಯಾರು ಎಂದೇ ಕರೆಯುತ್ತಿದ್ದೆವು. ಇಡೀ ಶಾಲೆಯ ಮಾಸ್ತರರ ಚಹಾ ಅವರ ಸ್ಟೋವಿನ ಮೇಲೆಯೇ ಆಗುತ್ತಿತ್ತು.

ಗೃಹವಿಜ್ಞಾನ ತೆಗೆದುಕೊಂಡ ಹುಡುಗಿಯರಿಗೆ ಬೀಜಗಣಿತವಿರಲಿಲ್ಲ, ಸಾದಾ ಅಂಕಗಣಿತ ಸಾಕಿತ್ತು. ಬೀಜಗಣಿತವಿಲ್ಲದವರಿಗೆ ಮುಂದೆ ಕಾಲೇಜಿನಲ್ಲಿ ಸೈನ್ಸ್ ಸಿಗುತ್ತಿರಲಿಲ್ಲ. ನನಗೆ ಸೈನ್ಸ್ ಬೇಕಿತ್ತು. ಯಾಕೆಂದು ಈಗ ಕೇಳಿಕೊಂಡರೆ, ಅಣ್ಣನಿಗೆ ಅದು ಸಿಕ್ಕಿತ್ತು ಎಂಬುದಕ್ಕಿಂತ ದೊಡ್ಡ ಕಾರಣ ಹೊಳೆಯುವುದಿಲ್ಲ.

ಆದರೆ ವಿಭಾಗಗಳು ತಲೆ ಲೆಕ್ಕದ ಮೇಲೆ ನಿಂತಿದ್ದವು. ಒಂದು ವಿಷಯಕ್ಕೆ ಹದಿನೈದೋ ಇಪ್ಪತ್ತೋ ಮಕ್ಕಳು ಸೇರದಿದ್ದರೆ ಅದು ಮುಚ್ಚಿ, ಕಲಿಸುವವರಿಗೆ ವರ್ಗವಾಗುತ್ತಿತ್ತು. ಹಾಗಾಗಿ ಜೂನ್ ತಿಂಗಳ ಮೊದಲ ವಾರ ಶಿಕ್ಷಕರು ಮನೆಮನೆಗೆ ಹೋಗಿ ಮಕ್ಕಳನ್ನು ಕೇಳುವುದು ರೂಢಿ. ಒಂದು ಸಂಜೆ ಬಾಯಾರು ನಮ್ಮಲ್ಲಿಗೂ ಬಂದರು.

“ನಿಮ್ಮ ಹುಡುಗೀನ ನನಗ ಕೊಡ್ರಿ ವೈನಿ. ಒಂದ ಹೆಸರ ಕಡಿಮಿ ಬೀಳಾಕತ್ತೈತಿ.”

ಚಿಗವ್ವ ನಕ್ಕಳು. “ಲಗ್ನಕ್ಕ ಕೇಳಾಕ ಬಂದಂಗ ಕೇಳ್ತೀರಲ್ರಿ ಬಾಯಾರ! ಮೊದಲ ಕುಂದರ್ರಿ, ಚಹಾ ಕುಡೀರಿ.”

“ನನಗ ಗಣಿತ ಬೇಕು” ಎಂದು ನಾನು ಒಳಗಿನಿಂದಲೇ ಹೇಳಿದೆ.

“ಬ್ಯಾಡ ಅಂದವರ ಯಾರವಾ? ಹೆಸರ ನನ್ನ ಪುಸ್ತಕದಾಗ ಇರ್ಲಿ, ನೀ ಗಣಿತದಾಗ ಕುಂದರು. ಮಾಸ್ತರಗ ನಾ ಹೇಳ್ತೀನಿ. ಅವ್ರಿಗೂ ದಿನಾ ಚಹಾ ಬೇಕಲ್ಲ?”

ನಾನು ಒಪ್ಪಿದೆ. ಗಣಿತದ ಮಾಸ್ತರರೂ ಒಪ್ಪಿದರು. ವರ್ಷಕ್ಕೊಮ್ಮೆ ತಪಾಸಣೆಯ ದಿನ ಮಾತ್ರ ನಾನು ಮೂಲೆಯ ಕೋಣೆಗೆ ಹೋಗಿ, ಪಕ್ಕದವಳು ಗುಂಡಿಯ ಕಾಜಾ ಹೊಲಿದ ಬಟ್ಟೆಯನ್ನು ಮುಂದಿಟ್ಟುಕೊಂಡು ಕೂರುತ್ತಿದ್ದೆ. ಇನ್‌ಸ್ಪೆಕ್ಟರ್ ಸಾಹೇಬರು ಒಮ್ಮೆ ಅದನ್ನು ಎತ್ತಿ ನೋಡಿ, “ಛಲೋ ಹೊಲದೀಯವಾ” ಎಂದಿದ್ದರು. ನನಗೆ ನಾಚಿಕೆಯಾಗಿರಲಿಲ್ಲ. ಈ ಹೊಂದಿಕೆಯ ಕೊನೆ ಏನಾಗಬಹುದೆಂದು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ. ಯೋಚಿಸಬೇಕಾದವರು ಮೂವರು ದೊಡ್ಡವರಿದ್ದರು ಎಂದು ಈಗ ಬರೆಯುವುದು ಸುಲಭ.

ಹತ್ತನೆಯ ತರಗತಿಯಲ್ಲಿ ಬೋರ್ಡ್ ಪರೀಕ್ಷೆಯ ಅರ್ಜಿಗಳು ಬಂದವು. ಕಚೇರಿಯ ಗುಮಾಸ್ತರು ಹಾಜರಿ ಪುಸ್ತಕ ನೋಡಿ ತಾವೇ ತುಂಬುತ್ತಿದ್ದರು, ನಾವು ಸಹಿ ಮಾಡಿದರಾಯಿತು. ನನ್ನ ಅರ್ಜಿಯಲ್ಲಿ ಗೃಹವಿಜ್ಞಾನ ಎಂದು ಬರೆದಿತ್ತು. ತಪ್ಪಾಗಿದೆ ಎಂದೆ.

“ಪುಸ್ತಕದಾಗ ಇದ್ದಂಗ ಬರದೀನಿ. ನೀ ಎಲ್ಲಿ ಕುಂದರತಿ ಅಂತ ನನಗ ಕನಸ ಬೀಳತೈತೇನು?”

ಬಾಯಾರ ಹತ್ತಿರ ಓಡಿದೆ. ಅವರು ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದರು. ಎಣ್ಣೆಯ ಡಬ್ಬಿ ಕೆಳಗಿಟ್ಟರು.

“ತಿದ್ದಾಕ ಹೋದ್ರ ಪುಸ್ತಕ ತಗೀತಾರ. ಪುಸ್ತಕ ತಗದ್ರ ಖರೇ ಎಷ್ಟ ಮಂದಿ ಅಂತ ಕೇಳ್ತಾರ” ಎಂದರು. ಆಮೇಲೆ, “ಗೃಹವಿಜ್ಞಾನಾನ ಬರೀ. ನಾ ದಿನಾ ಮನಿಗಿ ಬಂದು ಕಲಸ್ತೀನಿ. ಛಲೋ ಮಾರ್ಕ್ಸ್ ಬರ್ತಾವ.”

“ಸೈನ್ಸ್ ಸಿಗಂಗಿಲ್ಲಲ್ರಿ ಬಾಯಾರ.”

“ಎರಡ ದಿನ ತಡಿ. ಏನರೆ ಮಾಡೂಣು.”

ಇಲ್ಲಿಂದ ಮುಂದೆ ನಾನು ಜನರಿಗೆ ಹೇಳುತ್ತ ಬಂದದ್ದು ಹೀಗೆ: ಮರುದಿನ ಬಾಯಾರೇ ನನ್ನ ಕೈ ಹಿಡಿದು ಹೆಡ್‌ಮಾಸ್ತರರ ಕೋಣೆಗೆ ಕರೆದೊಯ್ದು, ತಪ್ಪು ತಮ್ಮದೆಂದು ಹೇಳಿ, ನನ್ನ ವಿಷಯ ತಿದ್ದಿಸಿದರು. ಅವರ ಸೀರೆಯ ಬಣ್ಣವನ್ನೂ ಹೇಳುತ್ತಿದ್ದೆ. ಆ ದೃಶ್ಯ ಈಗಲೂ ಕಣ್ಣ ಮುಂದೆ ಬರುತ್ತದೆ.

ಆದರೆ ಆ ವರ್ಷದ ನನ್ನ ದಿನಚರಿ, ಇನ್ನೂರು ಪುಟದ ಒಂದು ನೋಟ್‌ಬುಕ್, ಖಾನಾಪುರದ ಮನೆಗೆ ಸುಣ್ಣ ಬಳಿಯುವಾಗ ಸಿಕ್ಕಿತು. ಅದರಲ್ಲಿ ಬರೆದಿದೆ: “ಊಟದ ಬಿಡುವಿನಲ್ಲಿ ಹೆಡ್‌ಮಾಸ್ತರರ ಹತ್ತಿರ ಒಬ್ಬಳೇ ಹೋದೆ. ಎಲ್ಲ ಹೇಳಿದೆ. ಬಾಯಾರು ಊಟಕ್ಕೆ ಮನೆಗೆ ಹೋಗಿದ್ದರು.” ಅಕ್ಷರ ನನ್ನದೇ. ಮೇಲಿನ ತಾರೀಖಿನ ಪ್ರಕಾರ ಅದು ಅರ್ಜಿ ನೋಡಿದ ದಿನವೇ. ಎರಡು ದಿನವಿರಲಿ, ಎರಡು ತಾಸು ಕೂಡ ನಾನು ತಡೆದಿರಲಿಲ್ಲ.

ದಿನಚರಿಯೂ ಪೂರ್ತಿ ಹೇಳುವುದಿಲ್ಲ. ಹೆದರಿ ಹೋದೆನೋ, ಅವರು ಮನೆಗೆ ಹೋಗುವುದನ್ನೇ ಕಾದು ಹೋದೆನೋ ತಿಳಿಯದು. ಮುಂದಿನ ಪುಟದಲ್ಲಿರುವುದು ಇಷ್ಟೇ: ಹೆಡ್‌ಮಾಸ್ತರರು ಕೆಂಪು ಶಾಯಿಯಲ್ಲಿ ನನ್ನ ಹೆಸರು ಹೊಡೆದುಹಾಕಿದರು, ಬೋರ್ಡಿಗೆ ಪತ್ರ ಬರೆದರು, ಬಾಯಾರು ನನ್ನ ಕಡೆ ನೋಡಲಿಲ್ಲ. ಕೈ ಹಿಡಿದು ಕರೆದೊಯ್ದ ಬಾಯಾರನ್ನು ನಾನು ಯಾವಾಗ ಕಟ್ಟಿಕೊಂಡೆನೋ ಗೊತ್ತಿಲ್ಲ. ಯಾಕೆ ಎಂಬುದು ಮಾತ್ರ ಗೊತ್ತಿದೆ.

ನಿಜಕ್ಕೂ ಎಷ್ಟು ಮಂದಿ ಎಂಬುದು ಹೊರಬಿದ್ದು, ಮುಂದಿನ ಜೂನ್‌ನಲ್ಲಿ ಗೃಹವಿಜ್ಞಾನ ಮುಚ್ಚಿತು. ಬಾಯಾರಿಗೆ ಖಾನಾಪುರ ತಾಲೂಕಿಗೆ, ಬೀಡಿ ಎಂಬ ಊರಿನ ಆಚೆಯ ಹೊಸ ಹೈಸ್ಕೂಲಿಗೆ ವರ್ಗವಾಯಿತು. ಯಜಮಾನರ ಕೆಲಸ ಬೆಳಗಾವಿಯ ಫೌಂಡ್ರಿಯಲ್ಲಿದ್ದುದರಿಂದ ಅವರು ಮನೆ ಬದಲಿಸಲಿಲ್ಲ, ದಿನಾ ಎರಡು ಬಸ್ಸು ಹಿಡಿಯತೊಡಗಿದರು. ನನಗೆ ಸೈನ್ಸ್ ಸಿಕ್ಕಿತು.

ಕಾಲೇಜಿನ ಮೊದಲ ವರ್ಷ ರಜೆಗೆ ಊರಿಗೆ ಬಂದಾಗ ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ ಅವರು ಕಂಡರು. ತಪ್ಪಿಸಿಕೊಳ್ಳಲು ನೋಡಿದೆ, ಅಷ್ಟರಲ್ಲಿ ಅವರೇ ಕರೆದರು.

“ಗಣಿತದಾಗ ಎಷ್ಟ ಬಂದಾವ ನಿನಗ?”

“ಐವತ್ತೆರಡ್ರಿ.”

“ಏನು! ನನ್ನ ಖೋಲಿಗಿ ಕೀಲಿ ಹಾಕಿಸಿ ಬರೇ ಐವತ್ತೆರಡ? ನೂರ ತಗೊಂಡಿದ್ರ ನನಗೂ ಒಂದ ಸಮಾಧಾನ ಇರ್ತಿತ್ತು.”

ಅವರು ನಕ್ಕರೆಂದೇ ನನ್ನ ನೆನಪು. ಈ ನೆನಪನ್ನು ಪರೀಕ್ಷಿಸಲು ಬೇರೆ ಆಧಾರವಿಲ್ಲ. ಅಲ್ಲಿ ಏನು ಕಲಿಸುತ್ತೀರಿ ಎಂದು ಕೇಳಿದೆ.

“ಏನ್ ಇಲ್ಲಂತ ಕೇಳು. ಕನ್ನಡ ನಾನ, ಇತಿಹಾಸ ನಾನ, ಆಟದ ಪಿರಿಯಡ್ಡೂ ನಾನ. ಸೀಟಿ ಊದಿ ಊದಿ ಗಂಟಲ ಬಿದ್ದೈತಿ.”

ತಪ್ಪಾಯಿತು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಬೀಡಿಯ ಬಸ್ಸು ಬಂತು. ಜನ ಬಾಗಿಲಿಗೆ ಮುತ್ತಿದರು. ನಾನು ಅವರ ಕೈಯಿಂದ ಚೀಲ ತೆಗೆದುಕೊಂಡು ಓಡಿ, ಕಿಟಕಿಯಿಂದ ಒಳಗೆ ತೂರಿಸಿ ಒಂದು ಸೀಟಿನ ಮೇಲೆ ಇಟ್ಟೆ. ಅವರು ನುಗ್ಗಿ ಹತ್ತಿ, ಚೀಲ ತೊಡೆಯ ಮೇಲೆ ಇಟ್ಟುಕೊಂಡು ಅಲ್ಲಿಯೇ ಕುಳಿತರು. ಬಸ್ಸು ಹೊರಡುವವರೆಗೆ ನಾನು ಕಿಟಕಿಯ ಕೆಳಗೆ ನಿಂತಿದ್ದೆ.