ಬೆಂಕಿಗೆ ಕೊಸರು ಬೇಡ

ಕೊಸರು ಕೇಳದೆ ನಾನು ಕೊತ್ತಂಬರಿ ಸೊಪ್ಪನ್ನೂ ಕೊಂಡವನಲ್ಲ. ಮಧುಗಿರಿ ಸಂತೆಯಲ್ಲಿ ಅವರೆಕಾಯಿ ತೂಗಿಸಿದ ಮೇಲೆ, ಇನ್ನೊಂದು ಹಿಡಿ ಬೀಳುವವರೆಗೂ ನನ್ನ ಚೀಲದ ಬಾಯಿ ಮುಚ್ಚುವುದಿಲ್ಲ. ಸೈಕಲ್ಲಿನಲ್ಲಿ ಸಾಮಾನು ಮಾರುತ್ತಿದ್ದವನು ಸ್ವಂತ ಮನೆ ಕಟ್ಟಿದ್ದು ಈ ಗುಣದಿಂದಲೇ ಎಂದು ನಂಬಿದ್ದೇನೆ. ಆದರೆ ಕೊಸರಿಗೆ ಒಗ್ಗದ ಗಿರಾಕಿಯೂ ಒಬ್ಬನಿದ್ದಾನೆ. ಅವನ ಹೆಸರು ಬೆಂಕಿ.

ಕಸದ ಗಾಡಿ ಬಾರದ ದಿನ ನಮ್ಮ ಬೀದಿಯವರೆಲ್ಲ ಮನೆ ಮುಂದೆ ಕಸ ಗುಡ್ಡೆ ಹಾಕಿ ಕಡ್ಡಿ ಗೀರುವವರೇ. ಹೊಗೆ ನೇರವಾಗಿ ಹೋಗುತ್ತಿದ್ದುದು ಪಕ್ಕದ ಮನೆಯ ರಂಗಮ್ಮನ ಮಹಡಿಗೆ. ಆಕೆ ಸಂಡಿಗೆ ಮಾಡಿ ಮಾರಿ ಸಂಸಾರ ತೂಗಿಸುವವಳು. ಹೊಗೆ ನಾತದ ಸಂಡಿಗೆಯನ್ನು ಯಾರು ಕೊಳ್ಳುತ್ತಾರೆ? ‘ಹೊಗೆಯಿಲ್ಲದೆ ಕಸ ಸುಡುವ ಒಲೆ ತರುತ್ತೇನೆ’ ಎಂದು ನಾನೇ ಮುಂದೆ ಬಿದ್ದೆ. ಸಲಹೆ ಕೊಡುವುದರಲ್ಲಿ ಮಾತ್ರ ನಾನು ಧಾರಾಳಿ.

ಶಿರಾದ ವೆಲ್ಡಿಂಗ್ ಸಾಬರು ಹಳೇ ಡ್ರಮ್ಮಿನಲ್ಲಿ ಒಲೆ ಮಾಡಿಕೊಟ್ಟರು. ಕೆಳಗೆ ಗಾಳಿ ಊದುವ ಸಣ್ಣ ಫ್ಯಾನು, ಮೇಲೆ ಉದ್ದನೆಯ ಕೊಳವೆ, ಪಕ್ಕದಲ್ಲಿ ನಲ್ಲಿಯಿರುವ ಡಬ್ಬ. ಲಾರಿ ಗ್ಯಾರೇಜಿನವರು ಬದಲಾಯಿಸಿ ಬಿಟ್ಟ ವೇಸ್ಟ್ ಆಯಿಲ್ ಆ ನಲ್ಲಿಯಿಂದ ತೊಟ್ಟು ತೊಟ್ಟಾಗಿ ಕಸದ ಮೇಲೆ ಬೀಳಬೇಕು.

“ಆಯಿಲ್ ಕಮ್ಮಿ, ಗಾಳಿ ಜಾಸ್ತಿ. ಅಷ್ಟೇ ಸಾರ್,” ಅಂದರು ಸಾಬರು. ಒಲೆಯ ಜೊತೆ ಒಂದು ಕ್ಯಾನ್ ಆಯಿಲನ್ನು ಕೊಸರಾಗಿ ಗಿಟ್ಟಿಸಿದ ಖುಷಿಯಲ್ಲಿ ಆ ಮಾತು ನನ್ನ ತಲೆಗೆ ಇಳಿಯಲೇ ಇಲ್ಲ.

ಮೊದಲ ದಿನ ಕಾಗದ, ಚಿಂದಿ, ತೆಂಗಿನ ಸಿಪ್ಪೆ ಎಲ್ಲ ಸದ್ದಿಲ್ಲದೆ ಉರಿದವು. ಕೊಳವೆಯ ತುದಿಯಲ್ಲಿ ಬಿಸಿಗಾಳಿಯ ನಡುಕ ಬಿಟ್ಟರೆ ಏನೂ ಕಾಣಲಿಲ್ಲ. ತೊಟ್ಟಿಗೇ ಇಷ್ಟು ಉರಿದರೆ ಧಾರೆಗೆ ಎಷ್ಟು ಉರಿದೀತು? ಪುಕ್ಕಟೆ ಆಯಿಲ್ ತಾನೆ ಎಂದು ನಲ್ಲಿಯನ್ನು ಇನ್ನೊಂದು ಸುತ್ತು ತಿರುಗಿಸಿದೆ. ಡ್ರಮ್ಮು ಒಮ್ಮೆ ಗೊರಗೊರ ಎಂದು ಕರೀ ಹೊಗೆ ಕಾರಿತು. ಮದುವೆ ಮನೆಯವರಿಗೆಂದು ರಂಗಮ್ಮ ಹರವಿದ್ದ ಅಕ್ಕಿ ಸಂಡಿಗೆಯ ಮೇಲೆಲ್ಲ ಮಸಿ ಉದುರಿತು.

ಮಹಡಿ ಹತ್ತಿ ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಆಕೆ ಒಂದು ಸಂಡಿಗೆ ಎತ್ತಿ ನೋಡಿದಳು.

“ಎಳ್ಳು ಹಾಕದು ಮರ್ತಿದ್ದೆ ಅಂತ ನೀನೇ ಉದುರುಸ್ಬುಟ್ಟಾ ಅಣ್ಣಾ? ಶುಕ್ರವಾರ ಮದ್ವೆಯೋರು ಬತ್ತಾರೆ. ಈಗ್ಲೇ ಅಕ್ಕಿ ತಂದ್ಕೊಡು. ಅವ್ರು ತಗಂಡೋಗೋಗಂಟ ಆ ಡ್ರಮ್ ಮುಟ್ಬ್ಯಾಡ.”

ಚೌಕಾಸಿಯಿಲ್ಲದೆ ಅಕ್ಕಿ ಕೊಂಡೆ. ಅಂಗಡಿಯವನು “ಮೈ ಉಷಾರಿಲ್ವಾ ಅಣ್ಣಾ?” ಎಂದು ವಿಚಾರಿಸಿದ. ನಾನೂ ನನ್ನ ಹೆಂಡತಿಯೂ ರಂಗಮ್ಮನ ಮಹಡಿಯಲ್ಲಿ ಕೂತು ಸಂಡಿಗೆ ಒತ್ತಿದೆವು. ಶುಕ್ರವಾರ ಮದುವೆಯವರು ಒಂದನ್ನು ಮುರಿದು ಮೂಸಿ ನೋಡಿ, ತಲೆಯಾಡಿಸಿ, ಅಷ್ಟನ್ನೂ ಕೊಂಡೊಯ್ದರು. ಆಮೇಲೆಯೇ ನನಗೆ ಉಸಿರು ಬಂದದ್ದು.

ಈಗ ಹಸಿ ಕಸ ಗುಂಡಿಗೆ, ಬಾಟಲಿ ಗುಜರಿಗೆ, ಪ್ಲಾಸ್ಟಿಕ್ಕು ಗಾಡಿಗೆ. ಒಣಗಿದ ಉಳಿಕೆಯಷ್ಟೇ ಒಲೆಗೆ, ಆಯಿಲೂ ತೊಟ್ಟು ತೊಟ್ಟಾಗಿಯೇ. ನೀವೂ ಇಂಥ ಒಲೆ ಮಾಡಿಸುವುದಾದರೆ ನನ್ನ ಸಲಹೆ ಒಂದೇ: ನಲ್ಲಿಯ ಹತ್ತಿರ ನನ್ನಂಥವನನ್ನು ಕೂರಿಸಬೇಡಿ.

ಮೊನ್ನೆ ರಂಗಮ್ಮ ಒಂದು ಪೊಟ್ಟಣ ಸಂಡಿಗೆ ಕೊಟ್ಟಳು. ಅಭ್ಯಾಸಬಲದಿಂದ ಪೊಟ್ಟಣದ ಬಾಯಿ ಹಿಡಿದುಕೊಂಡೇ ನಿಂತಿದ್ದೆ. ಆಕೆ ನಕ್ಕು ಇನ್ನೊಂದು ಹಿಡಿ ಹಾಕಿದಳು.

“ಇದು ನಿಂಗೆ ಕಣಣ್ಣಾ. ಒಲೆಗಲ್ಲ.”